ಸಾವಿಲ್ಲದ ಕೇಂದ್ರ

ಅಪೌಷ್ಟಿಕ ಮಕ್ಕಳನ್ನು ಆರೈಕೆ ಮಾಡುವ ಆ ಕೇಂದ್ರದಲ್ಲಿ ಎರಡು ವರ್ಷದಿಂದ ಒಂದು ಮಗುವೂ ಸತ್ತಿರಲಿಲ್ಲ. ಅದಕ್ಕೆಂದೇ ಹಣ ಕೊಡುವ ಟ್ರಸ್ಟಿನ ಮೇಡಂ ಪ್ರಶಸ್ತಿ ಫಲಕ ಹಿಡಿದು ಬಂದಿದ್ದರು. ಅದನ್ನು ಕೇಂದ್ರ ನೋಡಿಕೊಳ್ಳುವ ಸಿಸ್ಟರ್ ಕೈಗೆ ಕೊಟ್ಟು ಕಿಟಕಿಯಾಚೆ ನೋಡಿದರೆ, ಗೇಟಿನ ಹೊರಗೆ ಒಬ್ಬ ತಾಯಿ ಕೂತಿದ್ದಳು. ಮಡಿಲಲ್ಲಿದ್ದ ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ.

“ಆಕೆ ಯಾಕೆ ಹೊರಗಿದ್ದಾಳೆ?”

ಸಿಸ್ಟರ್ ಗೇಟಿನ ಕಡೆ ನೋಡಲಿಲ್ಲ. “ಜಿಲ್ಲಾ ಆಸ್ಪತ್ರೆಗೆ ಹೋಗು ಅಂತ ಹೇಳೀವ್ರಿ. ಬಸ್ಸಿಗೆ ಕಾಯಾಕತ್ತಾಳ.”

“ಅಷ್ಟು ದೂರ ಯಾಕೆ? ಇಲ್ಲೇ ಹಾಸಿಗೆ ಖಾಲಿ ಇವೆಯಲ್ಲ!”

“ಆ ಕೂಸು ಉಳಿಯೂದು ಕಷ್ಟ ಐತ್ರಿ, ಮೇಡಂ.”

“ಅಂಥ ಮಕ್ಕಳಿಗೇ ಅಲ್ವಾ ನಾವು ದುಡ್ಡು ಕೊಡೋದು? ನಿಮಗೆ ಮನುಷ್ಯತ್ವ ಅನ್ನೋದು ಇದೆಯಾ?”

“ಮೊದಲ ಅಂಥಾ ಕೂಸುಗಳನ್ನೂ ತಗೋತಿದ್ವಿ. ಭಾಳ ಉಳೀತಿದ್ವು, ಕೆಲವು ಹೋಗ್ತಿದ್ವು.”

“ಮತ್ತೆ ಈಗೇನಾಯ್ತು?”

ಸಿಸ್ಟರ್ ಫಲಕವನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

“ಮಕ್ಕಳು ಸಾಯೋ ಕೇಂದ್ರಕ್ಕ ಇನ್ನ ದುಡ್ಡು ಕೊಡಂಗಿಲ್ಲ ಅಂತ ಎರಡು ವರ್ಷದ ಹಿಂದ ಇಲ್ಲೇ ನಿಂತು ಹೇಳಿದವ್ರು ನೀವೇ ಅಲ್ರೀ?”