ಬೈರಮ್ಮನ ಬಟ್ಟೆಗಂಟು

ಹೊಸಬರನ್ನು ಮಾತಾಡಿಸುವ ಧೈರ್ಯ ತನಗೆ ಎಂದಿಗೂ ಬರುವುದಿಲ್ಲವೇನೋ ಎಂದು ಕೊರಗುತ್ತಲೇ ಸುಗುಣಾ ಹಾಲಿನ ಪಾತ್ರೆ ಹಿಡಿದು ಬಾಗಿಲು ತೆರೆದಳು. ದಿನಕ್ಕೊಬ್ಬರನ್ನಾದರೂ ಚರ್ಚಿಗೆ ಕರೆಯದೆ ಬೆಳಗಿನ ಕಾಫಿ ಮುಟ್ಟಬೇಡಿ ಎಂದು ಪಾದ್ರಿಗಳು ಹೇಳಿದ್ದರು. ಬಿ.ಎ. ಓದಿದ್ದರೂ ಬೀದಿಗಿಳಿದು ಕರೆಯಲು ಅವಳಿಗೆ ಬಾಯಿ ಬರದು. ಹಾಗಾಗಿ ದಿನವೂ ಹಾಲು ಹಾಕುವ ಬೈರಮ್ಮನನ್ನೇ ಕರೆಯುತ್ತಿದ್ದಳು. "ನಾನು ಬಂದ್ರೆ ಎಮ್ಮೆ ಹಾಲು ನಿಮ್ಮ ಪಾದ್ರಿ ಕರೀತಾರಾ?" ಎಂದು ನಕ್ಕು ಆಕೆ ಹೆಬ್ಬಾಳದ ಕೆರೆ ಏರಿಯತ್ತ ಹೋಗಿಬಿಡುತ್ತಿದ್ದಳು.

ಈ ಭಾನುವಾರ ಬೈರಮ್ಮನ ಕೈಯಲ್ಲಿ ಚೊಂಬಿರಲಿಲ್ಲ. ತಲೆ ಬಾಚಿ, ಒಗೆದ ಸೀರೆ ಉಟ್ಟಿದ್ದಳು. ಹಿಂದೆಯೇ ನಿಂತಿದ್ದ ಅವಳ ಭಾವ ಆಂಜಿನಪ್ಪ, ಗಂಡ ಸತ್ತ ಮೇಲೆ ಅವಳಿಗೆ ನೆರಳು ಕೊಟ್ಟವನು. ಅವನ ಕಂಕುಳಲ್ಲಿ ಒಂದು ಬಟ್ಟೆಗಂಟು.

"ದಿನಾ ಕರೀತಿದ್ದೋರು ನೀವೇ ಏನವ್ವಾ?" ಅವನು ಕೂಗಾಡಲಿಲ್ಲ, ನಗುತ್ತಲೇ ಕೇಳಿದ. ಮಗುವನ್ನು ಮಲಗಿಸುವಷ್ಟು ಮೆತ್ತಗೆ ಗಂಟನ್ನು ಬಾಗಿಲೊಳಗೆ ಇಟ್ಟ. "ಇವಳ ಸೀರೆಗಳು. ಆ ಚರ್ಚಲ್ಲಿ ಕಾಲಿಟ್ಟೋಳು ಇನ್ನು ನಮ್ಮನೆ ಒಸ್ತಿಲು ತುಳಿಯಂಗಿಲ್ಲ. ನೀವೇ ಇಟ್ಕಳಿ."

ಒಳಗೆ ಸುಗುಣಾಳ ಅಮ್ಮ ಅಡುಗೆಮನೆಯ ಚಿಲಕ ಹಾಕಿಕೊಂಡ ಸದ್ದಾಯಿತು.

ಬೈರಮ್ಮ ಗಂಟಿನ ಕಡೆ ನೋಡಲೇ ಇಲ್ಲ. "ಇಷ್ಟು ಪ್ರೀತಿಯಿಂದ ನನ್ನ ಯಾರೂ ಎಲ್ಲಿಗೂ ಕರ್ದಿರ್ಲಿಲ್ಲ ಕಣವ್ವಾ," ಎಂದಳು. "ಹೊರಡಾನಾ?"

ಸುಗುಣಾ ಹಾಲಿನ ಪಾತ್ರೆಯನ್ನು ಕೆಳಗಿಟ್ಟಳು. ಆಂಜಿನಪ್ಪ ಇನ್ನೂ ನಗುತ್ತಿದ್ದ.

"ನೀವು ಬರೋದಿಲ್ಲ ಅಂತ್ಲೇ ಕರೀತಿದ್ದೆ, ಬೈರಮ್ಮ," ಎಂದಳು.