ಮಗನ ಕೈಗುಣ

ತೀರಿಹೋದ ಮಗ ಶ್ರೀಪಾದನ ಗೆಳೆಯರು ಆಚಾರ್ಯರ ಮುಂದೆ ಎರಡು ಗಾಜಿನ ಲೋಟ ಇಟ್ಟರು. ಒಂದರಲ್ಲಿ ಹೋದ ವರ್ಷ ಮಗ ಮಾಡಿದ ಕಪ್ಪು ಬಿಯರು. ಇನ್ನೊಂದರಲ್ಲಿ ಈ ವರ್ಷ ಗೆಳೆಯರೇ ಮಾಡಿದ್ದು.

"ಅದೇ ಮರದ ಪೀಪಾಯಿ, ಅದೇ ವೆನಿಲ್ಲಾ, ಶ್ರೀಪಾದ ಬರೆದಿಟ್ಟ ಅಳತೆಯೇ. ಆದರೂ ಆ ಘಮ ಬರಲಿಲ್ಲ, ಅಂಕಲ್."

"ನಾನು ಇದನ್ನೆಲ್ಲ ಮುಟ್ಟುವುದಿಲ್ಲಪ್ಪ."

"ಮೂಸಿದರೆ ಮಡಿ ಕೆಡುವುದಿಲ್ಲ. ಅವನು ಇನ್ನೇನಾದರೂ ಹಾಕುತ್ತಿದ್ದನೇ, ಹೇಳಿ."

ಆಚಾರ್ಯರು ಬಗ್ಗಿ ಮೂಸಿದರು. ಮಗನ ಲೋಟದ ಘಮ ಮೂಗಿಗೆ ಬಡಿದೊಡನೆ, ಪೂಜೆಗೆ ಕೂತಾಗಿನಂತೆ ಅವರ ಕೈಗಳು ತಾವಾಗಿಯೇ ಒಂದಾದವು.

"ಏನೂ ಹಾಕುತ್ತಿರಲಿಲ್ಲ," ಎಂದರು. "ಅದು ಅವನ ಕೈಗುಣ."

ಮಗ ಈ ಕಸುಬು ಬಿಡಲೆಂದು, ಬಿಯರೆಲ್ಲ ಕೆಟ್ಟುಹೋಗಲೆಂದು, ಹೋದ ವರ್ಷ ದೇವರ ಮನೆಯ ಪಚ್ಚಕರ್ಪೂರವನ್ನು ಪೀಪಾಯಿಗೆ ಸುರಿದವರು ಅವರೇ.