ಗಿರಾಕಿಯ ಸ್ಟೂಲು

ಚಿಮಟದ ತುದಿಗೆ ಸಿಕ್ಕ ಬೂದು ಉಂಡೆಯನ್ನು ಪತ್ತೇದಾರ ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ. ಆಮೇಲೆ ಮಗಳ ಮುಖ ನೋಡಿದ.

"ಇದು ತಾನಾಗಿ ಕೂತ ಧೂಳಲ್ಲ," ಎಂದ. "ಯಾರೋ ತುರುಕಿದ್ದಾರೆ."

ಮಗಳು ಸ್ಟೂಲಿನ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. "ಯಾರು ತುರುಕ್ತಾರಪ್ಪ? ಹಳೇ ಮೆಷಿನ್ನು. ಆಟ ಜೋರಾದ್ರೆ ಕಾದು ಕೆಂಡ ಆಗತ್ತೆ, ಪಟ್ ಅಂತ ಆಫ್ ಆಗತ್ತೆ. ನಿನ್ನೆ ಕೋಟೆ ಬಾಗಿಲು ಒಡೀತಿದ್ದೆ. ಅಷ್ಟರಲ್ಲಿ ಸ್ಕ್ರೀನು ಕಪ್ಪು."

ಪತ್ತೇದಾರ ಎಂಬುದು ಬೀದಿಯವರು ಇಟ್ಟ ಅಡ್ಡಹೆಸರು. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಮುಚ್ಚಳ ಬಿಚ್ಚಿ ಒಳಗಿನ ಧೂಳು ನೋಡಿದರೆ ಸಾಕು, ಆ ಮನೆಯಲ್ಲಿ ಬೆಕ್ಕಿದೆಯೋ, ಕದ್ದು ಸಿಗರೇಟು ಸೇದುವವರಿದ್ದಾರೋ, ಹೇಳಿಬಿಡುತ್ತಿದ್ದ. ಹೀಗೆ ಹೇಳಿ ಹೇಳಿ ಒಂದೆರಡು ಮನೆಗಳಲ್ಲಿ ಜಗಳವನ್ನೂ ಹಚ್ಚಿದ್ದ. ಅನುಮಾನವೇ ಅವನ ಹೊಟ್ಟೆಪಾಡು.

ಅಂಗಡಿಯಲ್ಲಿ ಇದ್ದದ್ದು ಒಂದೇ ಸ್ಟೂಲು, ಅದೂ ಗಿರಾಕಿಗೆ ಮಾತ್ರ. ಹೆಂಡತಿ ತೀರಿಕೊಂಡಾಗ ಸಮಾಧಾನ ಹೇಳಲು ಬಂದವರೆಲ್ಲ ಅದರ ಮೇಲೆ ಕೂತು ಏಳುವುದನ್ನೇ ಮರೆಯುತ್ತಿದ್ದರು. ಆಗ ಮಾಡಿದ ನಿಯಮ. ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಬಂದ ಮಗಳನ್ನೂ ಬಾಗಿಲಲ್ಲೇ ತಡೆದಿದ್ದ. "ಕೆಲಸದ ಹೊತ್ತು ಕಣಮ್ಮ. ಏನಾದ್ರೂ ಕೆಟ್ಟಿದ್ರೆ ತಗೊಂಡು ಬಾ."

ಈ ಕಂಪ್ಯೂಟರನ್ನು ಅವಳ ಕಾಲೇಜು ದಿನಗಳಲ್ಲಿ ಜೋಡಿಸಿಕೊಟ್ಟವನೂ ಅವನೇ. ಅದಕ್ಕೆ ವಯಸ್ಸಾಗಿತ್ತು, ನಿಜ. ಪ್ರೊಸೆಸರ್ ಕಾಯದಿರಲೆಂದು ಹಚ್ಚಿದ್ದ ಪೇಸ್ಟು ಒಣಗಿ ಸುಣ್ಣದಂತೆ ಉದುರುತ್ತಿತ್ತು. ಫ್ಯಾನು ಗೊರಗೊರ ಎನ್ನುತ್ತಿತ್ತು. ಎಲ್ಲವನ್ನೂ ಸರಿಮಾಡಿ ಕೊಟ್ಟ. ಆದರೂ ಭಾನುವಾರ ಬಂತೆಂದರೆ ಮಗಳು ಪೆಟ್ಟಿಗೆ ಹೊತ್ತು ಹಾಜರು. ಬಿಚ್ಚಿ ನೋಡಿದರೆ ಒಂದೇ ವಾರದಲ್ಲಿ ವರ್ಷದ ಧೂಳು.

"ಹೊಸದು ತಗೋ ಅಂದ್ರೆ ಕೇಳಲ್ಲ ನೀನು."

"ಇದೇ ಇರ್ಲಿ ಬಿಡಪ್ಪ."

"ನೀನು ಆಡೋದು ನಿನ್ನ ಗಂಡನಿಗೆ ಇಷ್ಟ ಇಲ್ಲ, ಅಲ್ವಾ?"

"ಅವರೇನಂತಾರೆ, ಪಾಪ. ಹೆಡ್‌ಫೋನ್ ಹಾಕ್ಕೊಂಡು ಆಡು ಅಂತಾರೆ, ಅಷ್ಟೆ."

ಆ 'ಪಾಪ' ಅವನ ಕಿವಿಗೆ ಚುಚ್ಚಿತು. ಗಂಡನ ತಪ್ಪು ಮುಚ್ಚಿಡುವವರೆಲ್ಲ ಶುರುಮಾಡುವುದು ಆ ಮಾತಿನಿಂದಲೇ.

ಅವನು ಪಕ್ಕದ ಪೆಟ್ಟಿಗೆಗೆ ಕೈಹಾಕಿದ. ಅದು ಹಲ್ಲಿನ ಡಾಕ್ಟರದ್ದು. ಬ್ಲೋಯರ್ ಹಿಡಿದದ್ದೇ ತಡ, ಫ್ಯಾನಿನೊಳಗಿಂದ ಸಣ್ಣ ಸಣ್ಣ ಹಳದಿ ಪುಕ್ಕಗಳು ಎದ್ದು ಅಂಗಡಿಯ ತುಂಬ ಹಾರಾಡಿದವು. ಒಂದು ಅವನ ಮೀಸೆಗೇ ಅಂಟಿಕೊಂಡಿತು.

"ಹಕ್ಕಿ ಸಾಕಿದ್ದಾರೆ ಪುಣ್ಯಾತ್ಮರು. ಒಂದು ಮಾತು ಹೇಳ್ಬಾರ್ದಾ?"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೆಂಚಿನ ಧೂಳನ್ನೆಲ್ಲ ತಾನೇ ಗುಡಿಸಿ ಚೀಲಕ್ಕೆ ತುಂಬಿದಳು. "ಹೋಗ್ತಾ ನಾನೇ ಎಸೀತೀನಪ್ಪ. ಮೊದ್ಲೇ ನಿನಗೆ ಕೆಮ್ಮು." ಥೇಟ್ ಅವಳಮ್ಮನ ಗುಣ, ಅಂದುಕೊಂಡ ಪತ್ತೇದಾರ. ಇಂಥವಳಿಗೆ ಎಂಥವನು ಗಂಟುಬಿದ್ದ!

ಆ ವಾರ ಅವನಿಗೆ ಊಟ ಸೇರಲಿಲ್ಲ. ಹೆಂಡತಿಯ ಮುಖದಲ್ಲಿ ಒಂದಿಷ್ಟು ನಗು ಕಂಡರೆ ಸಹಿಸದ ಗಂಡ. ಎದುರು ನಿಂತು ಬೇಡ ಎನ್ನುವ ಧೈರ್ಯವಿಲ್ಲ, ಬೆನ್ನ ಹಿಂದೆ ಧೂಳು ತುರುಕುತ್ತಾನೆ. ಇವತ್ತು ಮೆಷಿನ್ನಿನ ಉಸಿರು ಕಟ್ಟಿಸಿದವನು ನಾಳೆ ಏನು ಮಾಡಲಿಕ್ಕಿಲ್ಲ? ಪತ್ತೇದಾರ ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಮಂಚದ ಮೇಲಿದ್ದ ಹಳೇ ಮಾನಿಟರುಗಳನ್ನೆಲ್ಲ ಇಳಿಸಿ, ಹೊಸ ಚಾದರ ಹಾಸಿದ. ಮಗಳು ಇನ್ನು ಆ ಮನೆಗೆ ಹೋಗಕೂಡದು. ಮಂಚ ಸಿದ್ಧವಾದ ಮೇಲೆ ಅಳಿಯನಿಗೆ ಫೋನು ಮಾಡಿದ.

"ಭಾನುವಾರ ನೀವೂ ಜೊತೆಗೆ ಬನ್ನಿ. ಮಾತಾಡೋದಿದೆ."

ಬಂದರು. ಪೆಟ್ಟಿಗೆ ಹೊತ್ತು ತಂದವನು ಅಳಿಯ. ಅದನ್ನು ಬೆಂಚಿನ ಮೇಲಿಟ್ಟು ಬೆವರು ಒರೆಸಿಕೊಂಡ. ಎಷ್ಟು ಒರೆಸಿದರೂ ಬೆವರು ನಿಲ್ಲಲಿಲ್ಲ. ಮಗಳು ಎಂದಿನಂತೆ ಸ್ಟೂಲು ಹಿಡಿದಳು.

"ಮತ್ತೆ ಆಫ್ ಆಯ್ತಾ?"

"ಆಯ್ತಪ್ಪ. ಆಟದ ಮಧ್ಯದಲ್ಲೇ."

ಪತ್ತೇದಾರ ಅಳಿಯನ ಕಡೆ ತಿರುಗಿದ. "ನೀವೇನಾದ್ರೂ ಇದರೊಳಗೆ ಕೈ ಹಾಕಿದ್ರಾ?"

"ಇಲ್ಲ ಮಾವ. ಆಣೆಗೂ ಇಲ್ಲ."

"ಮತ್ತ್ಯಾರು?"

ಅಳಿಯ ಹೆಂಡತಿಯನ್ನು ನೋಡಿದ. ನೆಲ ನೋಡಿದ. "ನಾನು ಹೇಳೋ ಹಾಗಿಲ್ಲ ಮಾವ."

"ಬೇಡ ಬಿಡಿ. ಅದೇ ಹೇಳತ್ತೆ."

ಫ್ಯಾನಿಗೆ ಅಡ್ಡ ಕೂರಿಸಲು ಹೊಸ ಜಾಲರಿಯೊಂದನ್ನು ಅವನು ತಂದಿಟ್ಟಿದ್ದ. ಅದನ್ನು ಹಾಕಿ ಸ್ಕ್ರೂ ಬಿಗಿದರೆ ಸೊಳ್ಳೆಯೂ ಒಳಗೆ ನುಗ್ಗುವಂತಿರಲಿಲ್ಲ. ಮುಚ್ಚಳ ತೆಗೆದ. ಅದೇ ಬೂದು ಉಂಡೆ. ಇವಳನ್ನು ಇನ್ನು ನಿಮ್ಮ ಮನೆಗೆ ಕಳಿಸೋದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಿಮಟ ಹಾಕಿ ಉಂಡೆಯನ್ನು ಎಳೆದ.

ಅದರೊಳಗಿಂದ ಏನೋ ಜಾರಿ ಬೆಂಚಿನ ಮೇಲೆ ಬಿತ್ತು. ಉಗುರಿನಷ್ಟು ಸಣ್ಣದು, ಹಗುರವಾದದ್ದು. ಹಳದಿ ಪುಕ್ಕ.

ಮಗಳ ಕಾಲು ಆಡುವುದು ನಿಂತಿತು. ಅವಳು ತಲೆ ತಗ್ಗಿಸಿಕೊಂಡು ಗಿರಾಕಿಯ ಸ್ಟೂಲಿನಿಂದ ಮೆಲ್ಲಗೆ ಎದ್ದು ನಿಂತಳು.

ಪತ್ತೇದಾರ ಚಿಮಟ ಕೆಳಗಿಟ್ಟ. ತನ್ನ ಮೇಲೆ ತನಗೇ ನಾಚಿಕೆಯಾಯಿತು. "ಕೂತ್ಕೋ," ಎಂದ, ಅವಳ ಮುಖ ನೋಡದೆ. "ಇನ್ನೂ ಕೆಲಸ ಇದೆ." ಆವತ್ತು ಒಂದು ಫ್ಯಾನು ಒರೆಸಲು ಅವನು ಮಧ್ಯಾಹ್ನದವರೆಗೂ ಹೊತ್ತು ತೆಗೆದುಕೊಂಡ. ಅಳಿಯನಿಗೂ ಕೂರಲು ಒಂದು ಖಾಲಿ ಮಾನಿಟರ್ ಡಬ್ಬ ಸಿಕ್ಕಿತು. ಕೋಟೆ ಬಾಗಿಲು ಒಡೆಯುವುದು ಹೇಗೆಂದು ಮಗಳು ವಿವರಿಸಿದ್ದನ್ನೆಲ್ಲ ಪತ್ತೇದಾರ ಕೇಳಿದ, ಒಂದೂ ಅರ್ಥವಾಗಲಿಲ್ಲ. ಕೊನೆಗೆ ಬೆಂಚಿನ ಧೂಳನ್ನು ತಾನೇ ಚೀಲಕ್ಕೆ ತುಂಬಿಟ್ಟು ಮುಚ್ಚಳ ಹಾಕಿದ. ಹೊಸ ಜಾಲರಿಯನ್ನು ಡ್ರಾಯರಿನೊಳಗೆ ನೂಕಿದ.

ಇಬ್ಬರೂ ಪೆಟ್ಟಿಗೆ ಎತ್ತಿಕೊಂಡು ಬೀದಿಗೆ ಇಳಿದಿದ್ದರು.

"ಏ ಪುಟ್ಟಿ!" ಎಂದು ಹಿಂದಿನಿಂದ ಕೂಗಿದ ಪತ್ತೇದಾರ. "ಧೂಳಿನ ಚೀಲ ಇಲ್ಲೇ ಬಿಟ್ಟು ಹೋಗ್ತಿದ್ದೀಯಲ್ಲ, ಮುಂದಿನ ಭಾನುವಾರಕ್ಕೆ ಬೇಡ್ವೇನೇ?"